ಕಾಯಶುದ್ಧಿಯ ಮಾತು

ಶ್ರಾವಕನ ಷಟ್ಕರ್ಮಗಳಲ್ಲಿ ದಾನವೂ ಒಂದು. ದಾನಗಳಲ್ಲಿ ಆಹಾರದಾನವು ಗೃಹಸ್ಥನ ಮನೆಯ ಅಂಗಳದಲ್ಲೇ ನಡೆಯುವಂಥದು. ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತುಕೊಂಡು, ಕರಪಾತ್ರದಲ್ಲಿ ಆಹಾರವನ್ನು ಸ್ವೀಕರಿಸುವರು. ನೀರಾಗಲಿ ಔಷಧಿಯಾಗಲಿ ಆ ಒಂದೇ ಹೊತ್ತಿನಲ್ಲಿ. ಅಂತರಾಯವೊದಗಿದರೆ ಅದೂ ಇಲ್ಲ, ಮರುದಿನದವರೆಗೆ ಉಪವಾಸವೇ. ಆದುದರಿಂದಲೇ ದಾತೃವಿನ ಹೊಣೆ ದೊಡ್ಡದು. ನವಧಾ ಭಕ್ತಿಯಲ್ಲಿ ಪ್ರತಿಗ್ರಹಣ, ಪಾದಪ್ರಕ್ಷಾಲನಾದಿಗಳಾದ ಮೇಲೆ ದಾತೃವು ಮನಶ್ಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ-ಜಲಶುದ್ಧಿಗಳಿವೆಯೆಂದು ಸ್ವಮುಖದಿಂದ ಹೇಳಬೇಕು. ಕೈಗೆ ಬಿದ್ದ ಪ್ರತಿ ತುತ್ತನ್ನೂ ಶೋಧಿಸಿ ನೋಡುವ ಮುನಿಗಳು ದಾತೃವಿನ ಗಂಟಲನ್ನು ನೋಡುವುದಿಲ್ಲ. ಅದರ ವಿಷಯದಲ್ಲಿ ಅವರಿಗಿರುವ ಆಧಾರ ಅವನ ಮಾತೊಂದೇ.

ಈ ಮಾತು ಎಷ್ಟು ಭಾರವುಳ್ಳದ್ದು ಎಂಬುದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಕುಟುಂಬಕ್ಕೆ 2022ರ ಚಾತುರ್ಮಾಸದಲ್ಲಿ ಅರಿವಾಯಿತು. ಆ ವರ್ಷ ಊರಿನ ಬಸದಿಯಲ್ಲಿ ಮುನಿಸಂಘವು ವರ್ಷಾಯೋಗಕ್ಕೆ ನೆಲೆಸಿತ್ತು. ಯಾವ ದಿನ ಯಾರ ಮನೆಯಲ್ಲಿ ಚೌಕ ಎಂಬುದನ್ನು ಬಸದಿಯ ಸಮಿತಿಯವರು ಮೊದಲೇ ಪಟ್ಟಿ ಮಾಡಿ ಗೋಡೆಗೆ ಹಚ್ಚಿದ್ದರು. ಸರದಿ ತಪ್ಪಿದವರಿಗೆ ಮತ್ತೆ ಅವಕಾಶವಿರಲಿಲ್ಲ. ಮನೆಗಳು ಹೆಚ್ಚು, ದಿನಗಳು ಕಡಿಮೆ. ಈ ಕುಟುಂಬಕ್ಕೆ ಶ್ರಾವಣದಲ್ಲಿ ಒಂದು ದಿನ ದೊರೆತಿತ್ತು. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿ, ಬಟ್ಟೆ ಅಂಗಡಿ ನಡೆಸುವ ಮಗ, ಸೊಸೆ, ಬೆಂಗಳೂರಿನಲ್ಲಿ ಓದುತ್ತಿದ್ದು ರಜೆಗೆಂದು ಬಂದಿದ್ದ ಮೊಮ್ಮಗ. ವೃದ್ಧೆಯು ಹದಿನೈದು ದಿನ ಮೊದಲೇ ಗೋಧಿಯನ್ನು ಆರಿಸಿ, ತೊಳೆದು, ಒಣಗಿಸಿ ಇಟ್ಟಿದ್ದರು. ಬಾವಿಯ ನೀರು ಸೋಸುವ ಬಟ್ಟೆಯನ್ನು ಹೊಸದಾಗಿ ಹೊಲಿಸಿದ್ದರು.

ಸರದಿಯ ಹಿಂದಿನ ಸಂಜೆ ಮಗನಿಗೆ ಗಂಟಲು ಕೆರೆಯತೊಡಗಿತು. ಎರಡು ದಿನ ಮೊದಲು ಅವರು ಸರಕು ತರಲು ಬೆಂಗಳೂರಿಗೆ ಹೋಗಿ, ತುಂಬಿದ ಬಸ್ಸಿನಲ್ಲಿ ಹಿಂದಿರುಗಿದ್ದರು. ಮಳೆಗಾಲದ ಶೀತವಿರಬಹುದೆಂದು ಅವರು ಸುಮ್ಮನಾದರೂ ಸೊಸೆಯ ಮುಖದಲ್ಲಿ ಆತಂಕ ಮೂಡಿತು. ಮೊಮ್ಮಗನ ಚೀಲದಲ್ಲಿ ಕೊರೊನಾ ಪರೀಕ್ಷೆಯ ಕಿಟ್ ಒಂದಿತ್ತು. ರಾತ್ರಿ ಊಟವಾದ ಮೇಲೆ ಮೂಗಿನಲ್ಲಿ ಹತ್ತಿಯ ಕಡ್ಡಿಯಾಡಿಸಿ, ದ್ರವದಲ್ಲಿ ಅದ್ದಿ, ಪಟ್ಟಿಯ ಮೇಲೆ ಹನಿ ಹಾಕಿ, ಹದಿನೈದು ನಿಮಿಷ ಎಲ್ಲರೂ ಅದನ್ನೇ ನೋಡುತ್ತ ಕುಳಿತರು. ಒಂದೇ ಗೆರೆ ಮೂಡಿತು. ಮನೆಯವರೆಲ್ಲ ನಿಟ್ಟುಸಿರುಬಿಟ್ಟರು. ಪೆಟ್ಟಿಗೆಯೊಳಗೆ ಮಡಿಸಿಟ್ಟಿದ್ದ ಕಾಗದದಲ್ಲಿ ಪರೀಕ್ಷೆ ಮಾಡುವ ವಿಧಾನವನ್ನಷ್ಟೇ ಓದಿ ಉಳಿದುದನ್ನು ಯಾರೂ ಓದಲಿಲ್ಲ.

ಓದಬೇಕಾಗಿದ್ದ ವಿಷಯವಾದರೋ ಗುಟ್ಟಿನದಾಗಿರಲಿಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಇಂಥ ಪರೀಕ್ಷೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದಲ್ಲಿ ಮೊದಲ ಬಾರಿಗೆ ಒಪ್ಪಿಗೆ ನೀಡಿದ್ದು 2021ರ ಮೇ ತಿಂಗಳಿನಲ್ಲಿ. ಆಗಲೇ ಅದು ಒಂದು ಎಚ್ಚರಿಕೆಯನ್ನು ಹೇಳಿತ್ತು: ಎರಡು ಗೆರೆ ಬಂದರೆ ಸೋಂಕಿದೆಯೆಂದೇ ತಿಳಿಯಬೇಕು, ಮರುಪರೀಕ್ಷೆ ಬೇಡ, ಆದರೆ ರೋಗಲಕ್ಷಣವಿದ್ದೂ ಒಂದೇ ಗೆರೆ ಬಂದರೆ ಅಂಥವರು ಕೂಡಲೇ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದರ ಫಲಿತಾಂಶ ಬರುವವರೆಗೆ ಸೋಂಕಿನ ಶಂಕೆಯುಳ್ಳವರಂತೆ ಪ್ರತ್ಯೇಕವಾಗಿರಬೇಕು. ಅಂದರೆ ಎರಡು ಗೆರೆ ಸ್ಪಷ್ಟವಾದ ಉತ್ತರ. ಒಂದು ಗೆರೆ ಉತ್ತರವೇ ಅಲ್ಲದಿರಬಹುದು.

ಇದಕ್ಕೆ ಕಾರಣ ಪಟ್ಟಿಯ ರಚನೆಯಲ್ಲಿಯೇ ಇದೆ. ಪಟ್ಟಿಯು ವೈರಾಣುವಿನ ಒಂದು ಪ್ರೋಟೀನನ್ನು ಹಿಡಿಯುತ್ತದೆ. ಹಿಡಿದ ಪ್ರೋಟೀನು ಸಾಕಷ್ಟಿದ್ದರೆ ಅಲ್ಲಿ ಬಣ್ಣದ ಕಣಗಳು ಸಾಲುಗಟ್ಟಿ ಗೆರೆಯಾಗಿ ಕಾಣುತ್ತವೆ. ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಲ್ಲಿ ವೈರಾಣುವಿನ ಅಂಶವನ್ನು ಮತ್ತೆ ಮತ್ತೆ ವೃದ್ಧಿಗೊಳಿಸಿ ನೋಡುವುದರಿಂದ ಅತ್ಯಲ್ಪವೂ ಗೋಚರಿಸುತ್ತದೆ; ಪಟ್ಟಿಗೆ ಆ ಶಕ್ತಿಯಿಲ್ಲ. ಕಡ್ಡಿಗೆ ಆ ಕ್ಷಣದಲ್ಲಿ ಅಂಟಿದುದು ಹೆಚ್ಚಿದ್ದರೆ ಮಾತ್ರ ಅದು ನುಡಿಯುತ್ತದೆ. ಸೋಂಕಿನ ಮೊದಲ ದಿನ ಮೂಗಿನಲ್ಲಿ ವೈರಾಣು ಇನ್ನೂ ಕಡಿಮೆಯಿರಬಹುದು. ಕೆಲವೇ ಗಂಟೆಗಳಲ್ಲಿ ಅದು ಅನೇಕ ಪಟ್ಟು ಬೆಳೆಯಬಹುದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯಂತೆ, ಲಕ್ಷಣವುಳ್ಳ ನೂರು ಸೋಂಕಿತರಲ್ಲಿ ಸುಮಾರು 73 ಮಂದಿಯನ್ನು, ಲಕ್ಷಣವಿಲ್ಲದ ನೂರು ಸೋಂಕಿತರಲ್ಲಿ ಸುಮಾರು 55 ಮಂದಿಯನ್ನು ಮಾತ್ರ ಈ ಬಗೆಯ ಪರೀಕ್ಷೆಗಳು ಗುರುತಿಸಿದ್ದವು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಲಕ್ಷಣವಿದ್ದು ಒಂದೇ ಗೆರೆ ಬಂದರೆ 48 ಗಂಟೆಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಸಲಹೆ ನೀಡಿತು. ಇದಲ್ಲದೆ ಕೊರೊನಾದ ಪಟ್ಟಿಯು ಕೊರೊನಾವನ್ನು ಮಾತ್ರ ಬಲ್ಲದು. ಮಳೆಗಾಲದಲ್ಲಿ ಹಬ್ಬುವ ಇನ್‌ಫ್ಲುಯೆಂಜಾ ಜ್ವರದ ವಿಷಯದಲ್ಲಿ ಅದು ಏನನ್ನೂ ಹೇಳದು. ವೃದ್ಧರಿಗೂ ಹಸುಗೂಸುಗಳಿಗೂ ಆ ಜ್ವರವೂ ಅಪಾಯಕಾರಿಯೇ.

ಮರುದಿನ ಬೆಳಿಗ್ಗೆ ಮುನಿಮಹಾರಾಜರು ಆ ಮನೆಯ ಬಾಗಿಲಿಗೆ ಬಂದರು. ದಂಪತಿಗಳು ಕಲಶ ಹಿಡಿದು ಪ್ರತಿಗ್ರಹಣ ಮಾಡಿದರು. ಮಗನ ಗಂಟಲು ರಾತ್ರಿಗಿಂತ ಹೆಚ್ಚು ಕೆರೆಯುತ್ತಿತ್ತು. ಕಾಯಶುದ್ಧಿಯ ಮಾತು ಹೇಳುವಾಗ ಸ್ವರ ಒಂದಿಷ್ಟು ಒಡೆಯಿತು. ಭಕ್ತಿಯಿಂದ ಕಂಠ ತುಂಬಿ ಬಂದಿದೆಯೆಂದು ನೆರೆದವರು ತಿಳಿದರು. ನೊಣ, ಕೀಟಗಳು ಬಾರದಂತೆ ಕಿಟಕಿ ಮುಚ್ಚಿದ್ದ ಆ ಕೋಣೆಯಲ್ಲಿ ಹನ್ನೊಂದು ಜನ ಒತ್ತಿ ನಿಂತಿದ್ದರು. ಅಂತರಾಯವಿಲ್ಲದೆ ಆಹಾರವಾಯಿತು. ವೃದ್ಧೆಯ ಕಣ್ಣಲ್ಲಿ ಆನಂದಬಾಷ್ಪವಿತ್ತು.

ಅಂದು ಸಂಜೆ ಮಗನಿಗೆ ಜ್ವರ ಬಂದಿತು. ಮೂರನೆಯ ದಿನ ಔಷಧಿ ಅಂಗಡಿಯಿಂದ ಮತ್ತೊಂದು ಕಿಟ್ ತರಿಸಿ ನೋಡಿದಾಗ ಎರಡನೆಯ ಗೆರೆ ಐದು ನಿಮಿಷಕ್ಕೆ ಮುಂಚೆಯೇ ಮೂಡಿತು.

ಇಲ್ಲಿಂದ ಮುಂದಿನದೇ ನಿಜವಾದ ಪರೀಕ್ಷೆಯಾಗಿತ್ತು. ಸೋಂಕಿದೆಯೆಂದು ತಿಳಿಯಲು ಕೆಲವು ನಿಮಿಷ ಸಾಕಾದವು; ಅದನ್ನು ಹೇಳಲು ಒಂದು ಹಗಲು ಒಂದು ರಾತ್ರಿ ಬೇಕಾಯಿತು. ಸಂಘಕ್ಕೆ ಹೇಗೆ ಹೇಳುವುದು, ಸಮಾಜದಲ್ಲಿ ಏನೆಂದುಕೊಳ್ಳುವರು, ಆಹಾರವಿತ್ತ ಪುಣ್ಯದ ದಿನವೇ ಅಪವಾದದ ದಿನವಾಗುವುದೇ ಎಂಬ ಸಂಕೋಚ. ಕೊನೆಗೆ ಮಗ ಮುಖವಸ್ತ್ರ ಧರಿಸಿ ಬಸದಿಯ ಹೊರ ಅಂಗಳದಲ್ಲಿ ದೂರ ನಿಂತು ವಿಷಯವನ್ನು ನಿವೇದಿಸಿಕೊಂಡರು. ಮಹಾರಾಜರು ಸ್ವಸ್ಥರಾಗಿದ್ದರು. ಅವರು ಕೋಪಗೊಳ್ಳಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ಇನ್ನು ಯಾರಿಗೆ ಹೇಳಬೇಕಾಗಿದೆಯೋ ಅವರಿಗೂ ಹೇಳು" ಎಂದಷ್ಟೇ ನುಡಿದರು.

ಮನೆಗೆ ಬಂದ ಮಗ ಮೊದಲು ಹನ್ನೊಂದು ಜನರ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ದೂರವಾಣಿ ಮಾಡಿದರು. ಪಟ್ಟಿ ಮುಗಿಯಿತೆಂದು ಕುಳಿತಾಗ ಸೊಸೆ ಹನ್ನೆರಡನೆಯ ಹೆಸರನ್ನು ನೆನಪಿಸಿದರು. ಅಂದು ಹಿತ್ತಿಲಲ್ಲಿ ಪಾತ್ರೆ ಬೆಳಗಿದ ಹೆಂಗಸು. ಚೌಕದೊಳಗೆ ಬಾರದವಳಾದುದರಿಂದ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಮಧ್ಯಾಹ್ನ ಮಗ ಅವಳಿಗೆ ಎದುರು ನಿಂತು ಕೆಲಸ ಹೇಳಿದ್ದರು, ಕೂಲಿ ಕೊಟ್ಟಿದ್ದರು. ಅವಳ ಮನೆಯಲ್ಲಿ ಐದು ತಿಂಗಳ ಮಗುವಿತ್ತು. ಅವಳಲ್ಲಿ ದೂರವಾಣಿಯೂ ಇರಲಿಲ್ಲ. ಮೊಮ್ಮಗ ಅವಳ ಮನೆಯವರೆಗೆ ಹೋಗಿ ಅಂಗಳದಲ್ಲೇ ನಿಂತು ತಿಳಿಸಿ, ಕೆಲಸಕ್ಕೆ ಬಾರದ ದಿನಗಳ ಕೂಲಿಯನ್ನು ಮುಂದಾಗಿಯೇ ಕೊಟ್ಟು ಬಂದ. ಅವಳಿಗಾಗಲಿ ಮಗುವಿಗಾಗಲಿ ಏನೂ ಆಗಲಿಲ್ಲವೆಂಬುದು ಆ ಮನೆಯವರ ಭಾಗ್ಯ.

ಆದರೆ ಐದನೆಯ ದಿನ ವೃದ್ಧೆಗೆ ಕೆಮ್ಮು ಹತ್ತಿತು. ರಕ್ತದಲ್ಲಿನ ಆಮ್ಲಜನಕದ ಮಟ್ಟ ಇಳಿದುದರಿಂದ ಆಸ್ಪತ್ರೆಗೆ ಸೇರಿಸಬೇಕಾಯಿತು. ಆರು ದಿನ ಅಲ್ಲಿದ್ದರು. ಸೋಂಕು ಮಗನಿಂದಲೇ ಬಂದಿತೆಂದು ಖಂಡಿತವಾಗಿ ಸಾಧಿಸಲಾಗದು. ಆದರೆ ಒಂದೇ ಸೂರಿನಡಿ ಇರುವವರಿಗೆ ಪರಸ್ಪರ ತಗಲುವ ಸಂಭವ ಹೊರಗಿನವರಿಗಿಂತ ಹೆಚ್ಚೆಂಬುದು ಸಿದ್ಧವಾದ ಸಂಗತಿ. ಮೊದಲ ಸೋಂಕಿತನಿಂದ ಮನೆಯ ಉಳಿದವರಲ್ಲಿ ಎಷ್ಟು ಮಂದಿಗೆ ಹರಡುವುದೆಂಬುದನ್ನು ಅನೇಕ ದೇಶಗಳಲ್ಲಿ ಅಳೆದಿದ್ದಾರೆ. ಕೊರೊನಾದ ಆರಂಭ ಕಾಲದ ಅಧ್ಯಯನಗಳ ಒಟ್ಟು ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು 17. ಓಮಿಕ್ರಾನ್ ತಳಿಯ ಕಾಲಕ್ಕೆ ನೂರಕ್ಕೆ ಸುಮಾರು 43ಕ್ಕೆ ಏರಿತ್ತು. ಲಕ್ಷಣ ತೋರುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕಿತನು ಹರಡಬಲ್ಲನಾದುದರಿಂದ ಎಲ್ಲವನ್ನೂ ತಡೆಯುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಗಂಟಲು ಕೆರೆಯತೊಡಗಿದ ಮೇಲಿನ ದಿನಗಳಾದರೂ ಗೃಹಸ್ಥನ ಕೈಯಲ್ಲಿವೆ.

ವೃದ್ಧೆ ಮನೆಗೆ ಹಿಂದಿರುಗುವಷ್ಟರಲ್ಲಿ ದಶಲಕ್ಷಣ ಪರ್ವ ಸಮೀಪಿಸಿತ್ತು. ಮೂವತ್ತು ವರ್ಷಗಳಿಂದ ಆ ಹತ್ತು ದಿನವೂ ಏಕಭುಕ್ತ ವ್ರತ ನಡೆಸಿಕೊಂಡು ಬಂದವರು ಅವರು. ಹೊತ್ತು ಹೊತ್ತಿಗೆ ಆಹಾರ, ಔಷಧಿ ತೆಗೆದುಕೊಳ್ಳಲೇಬೇಕೆಂದು ವೈದ್ಯರು ಹೇಳಿದುದರಿಂದ ಆ ವರ್ಷ ವ್ರತ ತಪ್ಪಿತು. ಅವರು ಅದನ್ನು ಯಾರ ಮುಂದೆಯೂ ಆಡಲಿಲ್ಲ. ಉತ್ತಮ ಆರ್ಜವದ ದಿನ, ಬಸದಿಯಿಂದ ಪ್ರವಚನ ಕೇಳಿ ಬಂದ ಮಗ ತಾನೇ ತಾಯಿಯ ಬಳಿ ಕುಳಿತು, "ಅಮ್ಮ, ಅವತ್ತು ನೋಡಿಕೊಂಡೇ ಹೇಳಿದೆ. ಒಂದೇ ಗೆರೆ ಇತ್ತು" ಎಂದರು.

"ಗೆರೆ ಒಂದೇ ಇತ್ತು, ಸರಿಯಪ್ಪ. ನಿನ್ನ ಗಂಟಲು ಏನು ಹೇಳ್ತಿತ್ತು?" ಎಂದು ತಾಯಿ ಕೇಳಿದರು.

ಮಗ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ತಾಯಿಯೇ ಮತ್ತೆ, "ಸೋಸಿದ ನೀರಿಗೆ ಎಷ್ಟು ಹೊತ್ತಿನ ಮರ್ಯಾದೆ ಅಂತ ಚಿಕ್ಕವನಿದ್ದಾಗ ನಿನಗೆ ಬಾಯಿಪಾಠ ಮಾಡಿಸಿದ್ದೆ" ಎಂದರು.

ಆ ಮಾತನ್ನು ವಿವರಿಸಬೇಕಾದ ಅಗತ್ಯ ಜೈನರ ಮನೆಯಲ್ಲಿಲ್ಲ. ಸೋಸಿದ ನೀರಿನ ಕಾಲಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗಾದಿಗಳಿಂದ ಪ್ರಾಸುಕಗೊಳಿಸಿದರೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದರೆ 24 ಗಂಟೆ. ಬೆಳಿಗ್ಗೆ ಸೋಸಿದ್ದೇವಲ್ಲಾ ಎಂದು ಅದೇ ನೀರನ್ನು ಸಂಜೆ ಯಾವ ಶ್ರಾವಿಕೆಯೂ ಬಳಸಲಾರಳು. ಸೋಸುವುದು ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ, ಮತ್ತೆ ಮತ್ತೆ ಮಾಡಬೇಕಾದ ಎಚ್ಚರ. ಪರೀಕ್ಷೆಯ ಪಟ್ಟಿಗೂ ಇಂಥದೇ ಒಂದು ಮರ್ಯಾದೆಯಿದೆ. ಹಿಂದಿನ ರಾತ್ರಿಯ ಗೆರೆಯಿಂದ ಮರುದಿನ ಬೆಳಗಿನ ಕಾಯಶುದ್ಧಿಯನ್ನು ಹೇಳಿದ್ದು, ಮರ್ಯಾದೆ ಮೀರಿದ ನೀರನ್ನು ಸೋಸಿದ ನೀರೆಂದು ಕೊಟ್ಟಂತೆಯೇ ಸರಿ.

ಮುನಿಗಳಿಗೆ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನ ಹೇಳಿದ ಬಂಧುಗಳಿದ್ದರು. ಆ ಸಮಾಧಾನವು ಲೌಕಿಕವಾಗಿ ಸಹಜ. ಆದರೆ ಆಚಾರ್ಯರ ವಿಚಾರ ಬೇರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ, ಪ್ರಮಾದದ ಯೋಗವನ್ನು ಮುಂದಿಟ್ಟಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಬಿಡಿಸಿ ಹೇಳುತ್ತಾರೆ: ಪ್ರಮಾದವಿದ್ದಲ್ಲಿ ಎದುರಿನ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ಉಂಟು, ಎಚ್ಚರದಿಂದ ನಡೆದವನಿಂದ ಅರಿಯದೆ ಜೀವಹಾನಿಯಾದರೂ ಆ ದೋಷ ಅವನಿಗಿಲ್ಲ. ಈ ದೃಷ್ಟಿಯಿಂದ ನೋಡಿದರೆ, ಲಕ್ಷಣವೇ ಇಲ್ಲದೆ ಅರಿಯದೆ ಸೋಂಕು ಹರಡಿದವನಿಗಿಂತ, ಕೆರೆಯುವ ಗಂಟಲನ್ನು ಬಲ್ಲವನಾಗಿದ್ದೂ ಗೆರೆಯ ಮರೆಯಲ್ಲಿ ನಿಂತವನ ಹೊಣೆ ಹೆಚ್ಚಿನದು. ಅವನಿಂದ ಯಾರಿಗೂ ರೋಗ ತಗಲದಿದ್ದರೂ ಸಹ.

ದಾತೃವಿಗೆ ಶಾಸ್ತ್ರಗಳು ಹೇಳುವ ಗುಣಗಳಲ್ಲಿ ಶ್ರದ್ಧೆ, ಭಕ್ತಿಗಳೊಂದಿಗೆ ವಿಜ್ಞಾನವೂ ಎಣಿಕೆಗೆ ಬಂದಿದೆ. ಪಾತ್ರಕ್ಕೆ ಯಾವುದು ಹಿತ, ಯಾವುದು ಅಹಿತ, ಯಾವ ಕಾಲಕ್ಕೆ ಏನು ಯೋಗ್ಯ ಎಂಬ ವಿವೇಕವೇ ಅಲ್ಲಿ ವಿಜ್ಞಾನ. ಹತ್ತು ನಿಮಿಷ ಕುಳಿತು ಆ ಮಡಿಸಿದ ಕಾಗದವನ್ನು ಪೂರ್ತಿಯಾಗಿ ಓದುವುದೂ ಅಂದು ಆ ಗುಣದ ಭಾಗವೇ ಆಗಿತ್ತು.

ಇಷ್ಟಾದರೂ ದೋಷವನ್ನೆಲ್ಲ ಒಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಸರದಿ ತಪ್ಪಿದರೆ ಮತ್ತೆ ಸಿಗದೆಂಬ ಏರ್ಪಾಡೇ ಆ ಮನೆಯವರ ಬಾಯಿ ಕಟ್ಟಿತ್ತು. ಪರ್ವ ಮುಗಿದು ಕ್ಷಮಾವಣಿಯಾದ ಮೇಲೆ ಮಗ ಬಸದಿಯ ಸಮಿತಿಯ ಮುಂದೆ ನಡೆದುದೆಲ್ಲವನ್ನೂ ಹೇಳಿ ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಜನನದ ಅಥವಾ ಮರಣದ ಸೂತಕ ಬಂದರೆ ಆ ಮನೆಯವರು ತಾವಾಗಿಯೇ ಸರಿದು ನಿಲ್ಲುತ್ತಾರೆ. ಯಾರೂ ಅದಕ್ಕೆ ನಾಚುವುದಿಲ್ಲ, ಯಾರೂ ಅವರನ್ನು ಹಳಿಯುವುದಿಲ್ಲ, ಸರದಿಯನ್ನು ಬೇರೆ ದಿನಕ್ಕೆ ಬದಲಿಸಿಕೊಡುತ್ತಾರೆ. ನೆಗಡಿ-ಜ್ವರಕ್ಕೆ ಮಾತ್ರ ಏಕೆ ಈ ಅವಕಾಶವಿಲ್ಲ? ಸಮಿತಿಯ ಹಿರಿಯರು ಚರ್ಚಿಸಿ ಒಪ್ಪಿದರು. ಮುಂದಿನ ವರ್ಷದಿಂದ ಸರದಿಯ ಪಟ್ಟಿಯ ಕೊನೆಯಲ್ಲಿ ನಾಲ್ಕು ದಿನಗಳನ್ನು ಖಾಲಿ ಬಿಡುವುದೆಂದೂ, ಅಸ್ವಸ್ಥತೆಯಿಂದ ಸರಿದ ಮನೆಗಳಿಗೆ ಆ ದಿನಗಳು ಸಲ್ಲುವುದೆಂದೂ, ಕಾರಣವನ್ನು ಯಾರೂ ವಿಚಾರಿಸಕೂಡದೆಂದೂ ನಿಶ್ಚಯವಾಯಿತು.

2023ರ ಚಾತುರ್ಮಾಸದಲ್ಲಿ ಆ ಕುಟುಂಬದ ಸರದಿ ಮತ್ತೆ ಬಂದಿತು. ಈ ಬಾರಿ ಸೊಸೆಗೆ ಮೂಗು ಸೋರುತ್ತಿತ್ತು. ಪರೀಕ್ಷಿಸಿದರು, ಒಂದೇ ಗೆರೆ. ಆದರೂ ಅವರು ಚೌಕದ ಕೆಲಸಕ್ಕೆ ಕೈ ಹಾಕಲಿಲ್ಲ. ಹಿಂದಿನ ದಿನದಿಂದಲೇ ಮಹಡಿಯ ಕೋಣೆಯಲ್ಲಿ ಬೇರೆಯಾಗಿದ್ದರು. ದಿನ ಬದಲಿಸೋಣವೆಂದು ಮಗ ಹೇಳಿದಾಗ ಅವರೇ ಒಪ್ಪದೆ, ಮೈದುನನ ಹೆಂಡತಿಯನ್ನು ಊರಿನಿಂದ ಕರೆಸಿದರು. ಕೆಳಗೆ, ಈ ಬಾರಿ ಕಿಟಕಿಗಳಿಗೆ ಸಣ್ಣ ಜಾಲರಿ ಹೊಡೆಸಿ ತೆರೆದಿಟ್ಟಿದ್ದ ಕೋಣೆಯಲ್ಲಿ ಐದೇ ಜನರಿದ್ದರು. ಸೊಸೆ ಮಹಡಿಯ ಮೊಗಸಾಲೆಯಲ್ಲಿ ಕೈಜೋಡಿಸಿ ನಿಂತು ನೋಡಿದರು.

ಆಹಾರವಾದ ಮೇಲೆ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ಸೊಸೆಗೆ ಆದಿಪುರಾಣದ ಕಥೆಯೊಂದನ್ನು ನೆನಪಿಸಿದರು. ವಜ್ರಜಂಘ-ಶ್ರೀಮತಿಯರು ಕಾಡಿನಲ್ಲಿ ಚಾರಣಮುನಿಗಳಿಗೆ ಆಹಾರವಿತ್ತಾಗ ಹುಲಿ, ಹಂದಿ, ಕಪಿ, ಮುಂಗುಸಿಗಳು ದೂರದಲ್ಲಿ ನಿಂತು ನೋಡಿ ಸಂತೋಷಪಟ್ಟವು. ಅವು ಕಲಶ ಹಿಡಿಯಲಿಲ್ಲ, ತುತ್ತು ನೀಡಲಿಲ್ಲ. ಅನುಮೋದನೆಯೊಂದರಿಂದಲೇ ಭೋಗಭೂಮಿಯ ಜನ್ಮ ಪಡೆದವು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಪಾಪವನ್ನು ಎಣಿಸುವಾಗ ಮೂರನೆಯದನ್ನು ಬಿಡುವುದಿಲ್ಲ. ಪುಣ್ಯವನ್ನು ಎಣಿಸುವಾಗ ಅದನ್ನು ಮರೆಯುವುದೇಕೆ?

ಉಸಿರಿನ ಮೂಲಕ ಹರಡುವ ರೋಗಗಳು ಮುಂದೆಯೂ ಬರುತ್ತವೆ. ಮನೆಯಲ್ಲೇ ನೋಡಿಕೊಳ್ಳುವ ಪರೀಕ್ಷೆಗಳೂ ಇನ್ನಷ್ಟು ಬರಬಹುದು. ಅವು ಉಪಕಾರಿಗಳೇ. ಎರಡು ಗೆರೆ ಕಂಡರೆ ತಡಮಾಡದೆ ನಂಬಿ ಬೇರೆಯಾಗಿರುವುದು, ತನ್ನ ಬಳಿ ನಿಂತವರೆಲ್ಲರಿಗೂ, ಹಿತ್ತಿಲಲ್ಲಿ ನಿಂತವರಿಗೂ, ಅಂದೇ ತಿಳಿಸುವುದು. ಒಂದೇ ಗೆರೆ ಕಂಡರೂ ಲಕ್ಷಣವಿರುವವರೆಗೆ ವೃದ್ಧರಿಂದ, ಶಿಶುಗಳಿಂದ, ತ್ಯಾಗಿಗಳಿಂದ ದೂರವಿರುವುದು, ಎರಡು ದಿನ ಬಿಟ್ಟು ಮತ್ತೆ ನೋಡುವುದು, ಅಗತ್ಯವಿದ್ದರೆ ವೈದ್ಯರಲ್ಲಿಗೆ ಹೋಗುವುದು. ಕೋಣೆಗೆ ಗಾಳಿ ಬಿಡುವುದು, ಮುಖವಸ್ತ್ರ ಧರಿಸುವುದು. ಇವು ಅಹಿಂಸಾಣುವ್ರತಿಗೆ ಹೊಸ ವ್ರತಗಳಲ್ಲ, ಹಳೆಯ ವ್ರತದ ಇಂದಿನ ಅಂಗಗಳು. ಅಸ್ವಸ್ಥನು ನಾಚಿಕೆಯಿಲ್ಲದೆ ಸರಿದು ನಿಲ್ಲುವಂಥ ಏರ್ಪಾಡನ್ನು ಕಲ್ಪಿಸುವುದು ಬಸದಿಗಳ ಆಡಳಿತ ಸಮಿತಿಗಳ ಕರ್ತವ್ಯ. ಉಳಿದುದು ಮನೆಯ ಬಾಗಿಲಲ್ಲಿ ಕಲಶ ಹಿಡಿದು ನಿಂತವನದು. ಕಾಯಶುದ್ಧಿಯನ್ನು ನುಡಿಯಬೇಕಾದವನು ಅವನು. ಯಾವ ಪಟ್ಟಿಯೂ ಅವನ ಪರವಾಗಿ ಆ ಮಾತನ್ನು ಹೇಳಲಾರದು.